ಬೀದಿಗಿಳಿದವರ ಮೇಲಿನ ಸಿಟ್ಟು

ದ್ವೇಷ ಹರಡುವವರನ್ನು ತಡೆಯಲು ಜನ ಬೀದಿಗಿಳಿದು ಗಲಾಟೆಯಾಯಿತೆಂದರೆ, ಮಾರನೆಯ ದಿನ ಒಂದು ಮಾತು ಬಂದೇ ಬರುತ್ತದೆ: ಒಂದೇ ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ. ಕೇಳಲು ಇದು ನಿಷ್ಪಕ್ಷಪಾತದ ಮಾತು. ಆದರೆ ಇದು ನ್ಯಾಯ ಹೇಳುವ ಹೊಣೆಯಿಂದ ನುಣುಚಿಕೊಳ್ಳುವ ಮಾತೆಂದೇ ನಾನು ತಿಳಿದಿದ್ದೇನೆ. ಲಂಡನ್ನಿನ ಕೇಬಲ್ ಸ್ಟ್ರೀಟಿನಲ್ಲಿ 1936ರ ಅಕ್ಟೋಬರ್ 4ರ ಭಾನುವಾರ ನಡೆದದ್ದನ್ನು ಮುಂದಿಟ್ಟುಕೊಂಡರೆ ನನ್ನ ಕಾರಣ ತಿಳಿದೀತು.

ಅಂದು ಆಸ್ವಾಲ್ಡ್ ಮೋಸ್ಲಿ ತನ್ನ ಫ್ಯಾಸಿಸ್ಟ್ ಪಕ್ಷದ ಎರಡು ಮೂರು ಸಾವಿರ ಕಪ್ಪಂಗಿಯವರನ್ನು ಪೂರ್ವ ಲಂಡನ್ನಿನ ಮೂಲಕ ನಡೆಸಿಕೊಂಡು ಹೋಗಲು ಹೊರಟಿದ್ದ. ಆ ದಾರಿಯನ್ನು ಬೇಕೆಂದೇ ಆರಿಸಿದ್ದು. ಸ್ಟೆಪ್ನಿ, ವೈಟ್‌ಚಾಪೆಲ್ ಸುತ್ತಮುತ್ತ ಯಹೂದಿಗಳ ಮನೆಗಳಿದ್ದವು. ರಷ್ಯಾ ಸಾಮ್ರಾಜ್ಯದಲ್ಲಿ ನಡೆದ ಹತ್ಯಾಕಾಂಡಗಳಿಂದ ಜೀವ ಉಳಿಸಿಕೊಂಡು ಬಂದವರ ಸಂಸಾರಗಳು ಅವು. ದರ್ಜಿ ಕೆಲಸ, ಮರಗೆಲಸ ಮಾಡಿಕೊಂಡು ಬದುಕು ಕಟ್ಟಿಕೊಂಡಿದ್ದವು. ಮೆರವಣಿಗೆಯನ್ನು ನಿಷೇಧಿಸಿ ಎಂದು ಸುಮಾರು 1 ಲಕ್ಷ ಜನ ಸಹಿ ಹಾಕಿ ಸರ್ಕಾರಕ್ಕೆ ಮನವಿ ಕೊಟ್ಟರು. ಗೃಹಮಂತ್ರಿ ಜಾನ್ ಸೈಮನ್ ಒಪ್ಪಲಿಲ್ಲ. ಮೆರವಣಿಗೆಗೆ ದಾರಿ ಬಿಡಿಸಿಕೊಡಲು ಆರೇಳು ಸಾವಿರ ಪೊಲೀಸರು ಬಂದರು.

'ಇವರು ಕಾನೂನಿನ ಮೊರೆ ಹೋಗಬಹುದಿತ್ತಲ್ಲ' ಎನ್ನುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಅವರು ಹೋಗಿದ್ದರು. ಕದ ತಟ್ಟಿದ ಮೇಲೆಯೇ ಬೀದಿಗೆ ಬಂದರು.

ಬಂದವರ ಸಂಖ್ಯೆ ಲಕ್ಷ ದಾಟಿತ್ತು. ಗಾರ್ಡಿನರ್ಸ್ ಕಾರ್ನರಿನಲ್ಲಿ ಟ್ರಾಮ್ ಚಾಲಕನೊಬ್ಬ ತನ್ನ ಗಾಡಿಯನ್ನು ನಡುರಸ್ತೆಯಲ್ಲೇ ಬಿಟ್ಟು ಇಳಿದುಹೋದ. ಕೇಬಲ್ ಸ್ಟ್ರೀಟಿನಲ್ಲಿ ಒಂದು ಲಾರಿಯನ್ನು ಮಗುಚಿ ಹಾಕಿ, ಅದರ ಮೇಲೆ ಹಳೆಯ ಮಂಚ, ಹಲಗೆ ಪೇರಿಸಿ ಅಡ್ಡಗಟ್ಟಿದರು. ಮಹಡಿಯ ಕಿಟಕಿಗಳಿಂದ ಹೆಂಗಸರು ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದರು. ಬಂದರಿನಲ್ಲಿ ದುಡಿಯುವ ಐರಿಷ್ ಕೂಲಿಗಳೂ ಯಹೂದಿಗಳ ಹೆಗಲಿಗೆ ಹೆಗಲು ಕೊಟ್ಟರು. ಪೊಲೀಸ್ ಕುದುರೆಗಳ ಕಾಲಿಗೆ ಗೋಲಿ ಚೆಲ್ಲಿದವರೂ ಇದ್ದರು. ಅಂದಿನ ಒಂದೊಂದು ಕೃತ್ಯವನ್ನೂ ನಾನು ಸಮರ್ಥಿಸುವುದಿಲ್ಲ. ಕುದುರೆ ಯಾವ ಪಕ್ಷದ್ದೂ ಅಲ್ಲ. ಆದರೆ ಒಂದು ಸಂಗತಿ ಮರೆಯಬಾರದು. ಅಲ್ಲಿ ಹೊಡೆದಾಟ ನಡೆದದ್ದು ಬಹುಪಾಲು ಜನರಿಗೂ ಪೊಲೀಸರಿಗೂ ನಡುವೆ. ಕಪ್ಪಂಗಿಯವರು ಸಾಲುಗಟ್ಟಿ ಕಾಯುತ್ತಿದ್ದರು. ಲಾಠಿ ಏಟು ಬಿದ್ದದ್ದು, ಕೈಗೆ ಕೋಳ ಬಿದ್ದದ್ದು ಹೆಚ್ಚಾಗಿ ಅವರನ್ನು ತಡೆಯಲು ಬಂದವರಿಗೆ. ಕೊನೆಗೆ ಪೊಲೀಸ್ ಕಮಿಷನರ್ ಫಿಲಿಪ್ ಗೇಮ್ ಮೋಸ್ಲಿಗೆ ಹಿಂದಿರುಗುವಂತೆ ಹೇಳಬೇಕಾಯಿತು.

ಬೀದಿಗಿಳಿದವರ ಮೇಲಿನ ಸಿಟ್ಟು ಬರೀ ಎದುರಾಳಿಗಳಿಂದ ಬಂದಿದ್ದರೆ ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನನ್ನನ್ನು ಕಾಡುವುದು ಹಿತೈಷಿಗಳ ಸಿಟ್ಟು. ಬ್ರಿಟನ್ನಿನ ಯಹೂದಿ ಸಮುದಾಯದ ಪ್ರಾತಿನಿಧಿಕ ಮಂಡಳಿಯೇ 'ಮನೆಯಲ್ಲಿರಿ' ಎಂದಿತ್ತು. ಜ್ಯೂಯಿಷ್ ಕ್ರಾನಿಕಲ್ ಪತ್ರಿಕೆಯೂ ಹಾಗೇ ಬರೆಯಿತು. ಬಡವರ ಪರ ಜೀವ ತೇಯ್ದ ಲೇಬರ್ ನಾಯಕ ಜಾರ್ಜ್ ಲ್ಯಾನ್ಸ್‌ಬರಿ ಕೂಡ ದೂರವಿರಿ ಎಂದರು. ಇವರನ್ನು ಹೇಡಿಗಳೆನ್ನುವುದು ಅನ್ಯಾಯ. ಆಶ್ರಯ ಬೇಡಿ ಬಂದ ಜನ ಗದ್ದಲ ಮಾಡಿದರೆ ಆಶ್ರಯಕ್ಕೇ ಕುತ್ತು ಬಂದೀತೆಂಬ ಭಯ ಸುಳ್ಳಲ್ಲ. ಆದರೂ ಆ ಸಲಹೆಯ ಬುಡದಲ್ಲಿ ಒಂದು ತಪ್ಪು ಎಣಿಕೆಯಿತ್ತು: ಬೀದಿ ಸದ್ದಿಲ್ಲದಿದ್ದರೆ ಊರು ನೆಮ್ಮದಿಯಾಗಿದೆ ಎಂಬುದು. ಮೆರವಣಿಗೆಗೆ ಮುಂಚೆಯೇ ಆ ಕೇರಿಗಳಲ್ಲಿ ಬೈಗುಳ, ಹೊಡೆತ, ಗೋಡೆಬರಹ ದಿನದ ಮಾತಾಗಿತ್ತು. ಅದರಿಂದ ಟ್ರಾಮ್ ನಿಲ್ಲಲಿಲ್ಲ, ಅಂಗಡಿ ಮುಚ್ಚಲಿಲ್ಲ. ಹಾಗಾಗಿ ಅದನ್ನು ಯಾರೂ ಅಶಾಂತಿ ಎನ್ನಲಿಲ್ಲ. ತಡೆದವರಿಂದ ಮಾತ್ರ ಅಶಾಂತಿಯಾಯಿತು!

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವಾಕ್ ಸ್ವಾತಂತ್ರ್ಯದ್ದು. ಇಂದು ಅವರ ಮೆರವಣಿಗೆ ತಡೆದರೆ ನಾಳೆ ನಿಮ್ಮದನ್ನು ತಡೆಯುತ್ತಾರೆ ಎನ್ನುವುದನ್ನು ಹಗುರವಾಗಿ ತಳ್ಳಿಹಾಕಲಾಗದು. ಆ ವರ್ಷವೇ ಬಂದ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ರಾಜಕೀಯ ಸಮವಸ್ತ್ರವನ್ನು ನಿಷೇಧಿಸಿತು, ಮೆರವಣಿಗೆಗಳ ಮೇಲೆ ಪೊಲೀಸರಿಗೆ ಹೊಸ ಅಧಿಕಾರ ಕೊಟ್ಟಿತು. ಆ ಅಧಿಕಾರ ಮುಂದೆ ಎಡಪಂಥೀಯರ ಮೇಲೂ ಪ್ರಯೋಗವಾಯಿತು. ಇಷ್ಟಿದ್ದರೂ ಮೋಸ್ಲಿಯ ಬಾಯಿ ಯಾರೂ ಕಟ್ಟಿರಲಿಲ್ಲ. ಅವನಿಗೆ ಪತ್ರಿಕೆಗಳಿದ್ದವು, ದೊಡ್ಡ ದೊಡ್ಡ ಸಭಾಂಗಣಗಳಿದ್ದವು. 1934ರಲ್ಲಿ ಒಲಿಂಪಿಯಾ ಸಭಾಂಗಣದ ಅವನ ಸಭೆಯಲ್ಲಿ ಎದ್ದುನಿಂತು ಪ್ರಶ್ನಿಸಿದವರನ್ನು ಅವನ ಕಾರ್ಯಕರ್ತರು ಥಳಿಸಿ ಹೊರಗೆಸೆದಿದ್ದರು. ಒಂದು ಅಭಿಪ್ರಾಯ ಹೇಳುವುದು ಬೇರೆ. ಯಾರನ್ನು ಈ ದೇಶದವರಲ್ಲ ಎನ್ನುತ್ತೀರೋ ಅವರ ಮನೆ ಬಾಗಿಲಲ್ಲಿ, ಪೊಲೀಸ್ ಕಾವಲಿನಲ್ಲಿ, ಸಮವಸ್ತ್ರ ತೊಟ್ಟು ಹೆಜ್ಜೆ ಹಾಕುವುದು ಬೇರೆ. ಮೊದಲನೆಯದಕ್ಕೆ ಉತ್ತರ ಕೊಡಬಹುದು. ಎರಡನೆಯದು ಉತ್ತರ ಕೇಳುವುದಿಲ್ಲ, ಹೆದರಿಕೆ ಹುಟ್ಟಿಸುತ್ತದೆ.

ಹಾಗಾದರೆ ಜನ ಗೆದ್ದರೇ? ಪೂರ್ತಿಯಾಗಿ ಇಲ್ಲ. ಮುಂದಿನ ವಾರವೇ ಪುಂಡರ ಗುಂಪು ಮೈಲ್ ಎಂಡ್ ರಸ್ತೆಯಲ್ಲಿ ಯಹೂದಿಗಳ ಅಂಗಡಿಗಳ ಗಾಜು ಒಡೆಯಿತು. ಮೋಸ್ಲಿಯ ಪಕ್ಷಕ್ಕೆ ಲಂಡನ್ನಿನಲ್ಲಿ ಹೊಸ ಸದಸ್ಯರೂ ಸೇರಿದರು. ಒಂದು ದಿನದ ಪ್ರತಿಭಟನೆಯಿಂದ ಫ್ಯಾಸಿಸಂ ಸಾಯುತ್ತದೆಂದು ನಂಬುವವರು ಇದನ್ನು ಓದಲೇಬೇಕು. ಅಂದಿನ ಹೋರಾಟಗಾರರಲ್ಲೊಬ್ಬರಾದ ಫಿಲ್ ಪಿರಾಟಿನ್ ನಂತರದ ಒಂದು ಘಟನೆ ಬರೆದಿದ್ದಾರೆ: ಬಾಡಿಗೆ ಬಾಕಿಗಾಗಿ ಮನೆ ಖಾಲಿ ಮಾಡಿಸುವುದರಲ್ಲಿದ್ದ ಎರಡು ಸಂಸಾರಗಳ ಪರವಾಗಿ ಕಮ್ಯುನಿಸ್ಟರು ಬಾಗಿಲಲ್ಲಿ ನಿಂತು ತಡೆದರು, ಆ ಸಂಸಾರಗಳು ಮೋಸ್ಲಿಯ ಪಕ್ಷಕ್ಕೆ ಸೇರಿದ್ದವು, ಆಮೇಲೆ ಸದಸ್ಯತ್ವದ ಚೀಟಿ ಹರಿದುಹಾಕಿದವು. ಪಿರಾಟಿನ್ 1945ರಲ್ಲಿ ಮೈಲ್ ಎಂಡಿನಿಂದಲೇ ಪಾರ್ಲಿಮೆಂಟಿಗೆ ಆರಿಸಿ ಹೋದರು. ಬೀದಿಯ ಕೆಲಸ ಬೇರೆ, ಬಾಡಿಗೆ ಮನೆಯ ಮೆಟ್ಟಿಲಿನ ಕೆಲಸ ಬೇರೆ, ಎರಡೂ ಬೇಕು. ಬೀದಿಯಲ್ಲಿ ನಿಂತವರು ಹೆದರಿ ಕೂತ ನೆರೆಯವನಿಗೆ 'ನೀನು ಒಂಟಿಯಲ್ಲ' ಎಂದು ತೋರಿಸಿದರು. ಪ್ರತಿಭಟನೆಯನ್ನು ಅಳೆಯಬೇಕಾದದ್ದು ಇದರಿಂದ.

ಎರಡು ಕಡೆಯವರೂ ಒಂದೇ ಎನ್ನುವ ಮಾತಿಗೆ ಬೆಲೆ ತೆರುವವರು ಯಾರೆಂದು ಕೇಳಿಕೊಳ್ಳಿ. 1979ರ ಏಪ್ರಿಲ್ 23ರಂದು, ಭಾರತದಿಂದ ಹೋದ ಪಂಜಾಬಿಗಳು ನೆಲೆಸಿದ್ದ ಲಂಡನ್ನಿನ ಸೌತಾಲ್‌ನಲ್ಲಿ ವಲಸಿಗರನ್ನು ವಿರೋಧಿಸುವ ನ್ಯಾಷನಲ್ ಫ್ರಂಟ್ ಪಕ್ಷಕ್ಕೆ ಪುರಭವನದಲ್ಲೇ ಚುನಾವಣಾ ಸಭೆ ನಡೆಸಲು ಅನುಮತಿ ಸಿಕ್ಕಿತು. ವಿರೋಧಿಸಿ ಬಂದ ನೂರಾರು ಜನರ ಬಂಧನವಾಯಿತು. ಅವರೊಡನೆ ನಿಲ್ಲಲು ಬಂದಿದ್ದ ನ್ಯೂಜಿಲೆಂಡ್ ಮೂಲದ ಶಾಲಾ ಶಿಕ್ಷಕ ಬ್ಲೇರ್ ಪೀಚ್ ತಲೆಗೆ ಪೆಟ್ಟು ಬಿದ್ದು ಸತ್ತರು. ಆ ಪೆಟ್ಟು ಬಹುತೇಕ ಪೊಲೀಸನೊಬ್ಬನದೇ ಎಂಬ ಆಂತರಿಕ ತನಿಖೆಯ ವರದಿ ಹೊರಬಂದದ್ದು 2010ರಲ್ಲಿ. ಆ ಸಾವಿಗಾಗಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.