ಹಿಮ ಕಾಯುತ್ತದೆ ಎಂದುಕೊಂಡವರು

ಕ್ಯಾಂಪ್ ಸೆಂಚುರಿಯ ನಕ್ಷೆ ನೋಡಿದರೆ ಯಾವುದೋ ಹೊಸ ಬಡಾವಣೆಯ ನಕ್ಷೆ ಅನ್ನಿಸುತ್ತದೆ. ನಡುವೆ ನೇರವಾದ ದೊಡ್ಡ ಬೀದಿ. ಹೆಸರು ಮೇನ್ ಸ್ಟ್ರೀಟ್, ಉದ್ದ ಸುಮಾರು 335 ಮೀಟರ್. ಅದರಿಂದ ಕವಲೊಡೆದ ಅಡ್ಡ ಓಣಿಗಳಲ್ಲಿ ಮಲಗುವ ಮನೆಗಳು, ಅಡುಗೆಮನೆ, ಊಟದ ಹಜಾರ, ಆಸ್ಪತ್ರೆ, ಪುಸ್ತಕಾಲಯ, ಪ್ರಾರ್ಥನಾ ಮಂದಿರ, ಸಿನಿಮಾ ನೋಡುವ ಜಾಗ, ಕ್ಷೌರದಂಗಡಿ. ಇವೆಲ್ಲಕ್ಕೂ ಬೆಳಕು, ಬಿಸಿ ಕೊಡಲು ಒಂದು ಪರಮಾಣು ರಿಯಾಕ್ಟರ್. ಈ ಊರು ಇದ್ದದ್ದು ಗ್ರೀನ್‌ಲ್ಯಾಂಡ್ ದ್ವೀಪದ ಹಿಮಹಾಸಿನ ಒಳಗೆ, 77ನೇ ಉತ್ತರ ಅಕ್ಷಾಂಶದಲ್ಲಿ, ಕಡಲಮಟ್ಟದಿಂದ ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿ. ವರ್ಷದ ಸರಾಸರಿ ಉಷ್ಣಾಂಶ ಸೊನ್ನೆಗಿಂತ 24 ಡಿಗ್ರಿ ಕೆಳಗೆ. ಚಳಿಗಾಲದಲ್ಲಿ ಅದು 50 ಡಿಗ್ರಿಯನ್ನೂ ದಾಟಿ ಇಳಿಯುತ್ತಿತ್ತು.

ಇಂಥ ಜಾಗದಲ್ಲಿ ಇನ್ನೂರರಷ್ಟು ಸೈನಿಕರು ಇರಬೇಕು ಎಂದು ಕಾಗದದ ಮೇಲೆ ಗೆರೆ ಎಳೆದವರ ಬಗ್ಗೆ ನನಗೆ ಗೌರವವಿದೆ. ಅವರ ಕೌಶಲ ಸಣ್ಣದಲ್ಲ. ಅದರ ಜೊತೆಗೇ ಅವರು ಏನನ್ನು ನೋಡಲಿಲ್ಲ ಎಂಬುದೂ ಬಿಡದೆ ಕಾಡುತ್ತದೆ.

ಅಮೆರಿಕದ ಸೇನೆಯ ಎಂಜಿನಿಯರ್‌ಗಳು 1959ರ ಬೇಸಿಗೆಯಲ್ಲಿ ಕೆಲಸ ಶುರು ಮಾಡಿದರು. ಸಾಮಾನೆಲ್ಲ ಹಡಗಿನಲ್ಲಿ ತೂಲೆ ವಾಯುನೆಲೆಗೆ ಬರುತ್ತಿತ್ತು. ಅಲ್ಲಿಂದ ಹಿಮಹಾಸಿನ ಅಂಚಿಗೆ, ಅಂಚಿನಿಂದ ಮುಂದೆ ಟ್ರ್ಯಾಕ್ಟರುಗಳು ಎಳೆಯುವ ಜಾರುಬಂಡಿಗಳ ಸಾಲಿನಲ್ಲಿ, ಮನುಷ್ಯ ನಡೆಯುವಷ್ಟೇ ವೇಗದಲ್ಲಿ. ನೆಲೆಯ ಜಾಗ ತೂಲೆಯಿಂದ ಸುಮಾರು 240 ಕಿಲೋಮೀಟರ್ ದೂರದಲ್ಲಿತ್ತು. ಆಲ್ಪ್ಸ್ ಪರ್ವತದ ರಸ್ತೆಗಳಲ್ಲಿ ಹಿಮ ತೆಗೆಯಲು ಸ್ವಿಟ್ಜರ್ಲೆಂಡಿನವರು ಮಾಡಿದ್ದ ಯಂತ್ರಗಳನ್ನು ಇಲ್ಲಿಗೆ ತಂದು ಆಳವಾದ ಕಂದಕಗಳನ್ನು ತೋಡಿದರು. ಮೇಲೆ ಕಮಾನಿನಾಕಾರದ ಉಕ್ಕಿನ ತಗಡುಗಳನ್ನು ಹೊದಿಸಿ, ಯಂತ್ರದಿಂದಲೇ ಚಿಮ್ಮಿಸಿದ ಪುಡಿಹಿಮವನ್ನು ಅದರ ಮೇಲೆ ಸುರಿದರು. ಹಾಗೆ ಚಿಮ್ಮಿಸಿದ ಹಿಮಕ್ಕೆ ಒಂದು ಗುಣವಿದೆ. ಕೆಲವೇ ಗಂಟೆಗಳಲ್ಲಿ ಹರಳಿಗೆ ಹರಳು ಬೆಸೆದುಕೊಂಡು ಗಟ್ಟಿ ಛಾವಣಿಯಾಗುತ್ತದೆ. ಸಿಮೆಂಟು, ಇಟ್ಟಿಗೆ ಒಯ್ಯಬೇಕಿಲ್ಲ, ಹಿಮವೇ ಗೋಡೆ, ಹಿಮವೇ ಮಾಡು. ಹೀಗೆ 21 ಕಂದಕಗಳು ಸಿದ್ಧವಾದವು. ಎಲ್ಲದರ ಉದ್ದ ಕೂಡಿಸಿದರೆ ಸುಮಾರು ಮೂರು ಕಿಲೋಮೀಟರ್.

ಈ ವಿನ್ಯಾಸದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಶಾಖದ ಲೆಕ್ಕ. ಅಷ್ಟು ಚಳಿಯ ನಾಡಿನಲ್ಲಿ ಮನುಷ್ಯರನ್ನು ಬೆಚ್ಚಗಿಡುವುದು ಮೊದಲ ಕಷ್ಟ, ಹಿಮವನ್ನು ತಣ್ಣಗಿಡುವುದು ಅದಕ್ಕಿಂತ ದೊಡ್ಡ ಕಷ್ಟ. ಉಸಿರು, ಒಲೆ, ದೀಪ, ಯಂತ್ರ, ಎಲ್ಲವೂ ಬಿಸಿ ಬಿಡುತ್ತವೆ. ಆ ಬಿಸಿ ಗೋಡೆಗೆ ತಗುಲಿದರೆ ಊರೇ ಕರಗುತ್ತದೆ. ಅದಕ್ಕಾಗಿ ಮರದ ಮನೆಗಳನ್ನು ಕಂದಕದ ನೆಲಕ್ಕೂ ಗೋಡೆಗೂ ತಾಗದಂತೆ, ಸುತ್ತಲೂ ಗಾಳಿಯಾಡುವಂತೆ ನಿಲ್ಲಿಸಿದರು. ಕಂದಕದ ತಳದಿಂದ ಇನ್ನೂ ಹನ್ನೆರಡು ಮೀಟರಿನಷ್ಟು ಆಳಕ್ಕೆ ಕೊಳವೆಯಂಥ ಬಾವಿಗಳನ್ನು ಕೊರೆದು, ಅಲ್ಲಿನ ತಣ್ಣನೆಯ ಗಾಳಿಯನ್ನು ಮೇಲಕ್ಕೆಳೆದು ಓಣಿಗಳಲ್ಲಿ ಹರಿಸಿದರು. ಮನೆಯೊಳಗೆ ಅಂಗಿ ತೊಟ್ಟು ಓದುತ್ತ ಕೂರಬಹುದು. ಬಾಗಿಲಾಚೆಯ ಚಳಿಯನ್ನು ಮಾತ್ರ ಪ್ರಯತ್ನಪಟ್ಟು ಉಳಿಸಿಕೊಳ್ಳಬೇಕು. ಇದನ್ನು ಯೋಚಿಸಿದವರು ತಾವು ಕೆಲಸ ಮಾಡುವ ವಸ್ತುವನ್ನು ಚೆನ್ನಾಗಿ ಅರಿತವರು.

ನೀರಿನದೂ ಹಾಗೆಯೇ. ಬಿಸಿ ಹಬೆಯನ್ನು ಹಿಮದ ಆಳಕ್ಕೆ ಇಳಿಸಿ ಅಲ್ಲೊಂದು ಗುಹೆಯಷ್ಟು ಜಾಗ ಕರಗಿಸಿ, ನಿಂತ ನೀರನ್ನು ಪಂಪಿನಿಂದ ಮೇಲೆತ್ತುತ್ತಿದ್ದರು. ದಿನಕ್ಕೆ ಮೂವತ್ತು ಸಾವಿರ ಲೀಟರಿಗೂ ಹೆಚ್ಚು. ಬಾವಿ ಆಳವಾದಷ್ಟೂ ಹಳೆಯ ಹಿಮ. ಹಾಗಾಗಿ ಸೈನಿಕರು ಕಾಫಿಗೆ ಬಳಸಿದ್ದು ನೂರಾರು ವರ್ಷ ಹಿಂದೆ ಬಿದ್ದ ಹಿಮದ ನೀರು. ಬಳಸಿದ ನೀರು, ಕಕ್ಕಸಿನ ನೀರು ಎಲ್ಲಕ್ಕೂ ಇನ್ನೊಂದು ಗುಂಡಿ. ಅದನ್ನು ನೆಲೆಯಿಂದ ಸಾಕಷ್ಟು ದೂರ ಇಡಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಹತ್ತಿರದ ಮಲಗುವ ಮನೆಗಳಲ್ಲಿ ನಾತ ಸಹಿಸಲಾಗದಂತಾಯಿತು. ಗುಂಡಿಯ ಬಿಸಿ ಹಿಮದೊಳಗೆ ಹರಡಿ ಆ ಭಾಗದ ಕಂದಕಗಳು ಬೇಗ ಕುಸಿಯತೊಡಗಿದವು. ಒಳಗೆ ಬರುವ ನೀರಿಗೆ ಕೊಟ್ಟಷ್ಟು ಮನಸ್ಸನ್ನು ಹೊರಗೆ ಹೋಗುವ ನೀರಿಗೆ ಕೊಟ್ಟಿರಲಿಲ್ಲ. ನಕ್ಷೆ ಬರೆಯುವವರ ಗಮನ ಎಲ್ಲಿಯವರೆಗೆ ಹೋಗಿ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ನನಗೆ ಈ ಗುಂಡಿಯೇ ಸಾಕ್ಷಿ.

ಇನ್ನು ಹಿಮದ ನಡೆ. ಎಲೆಯ ಮೇಲೆ ಬಡಿಸಿದ ಜೋನಿಬೆಲ್ಲ ತನ್ನ ಭಾರಕ್ಕೆ ತಾನೇ ಅಂಚಿನ ಕಡೆ ಸರಿಯುವಂತೆ, ಸಾವಿರಾರು ಅಡಿ ದಪ್ಪದ ಹಿಮಹಾಸು ಸದಾ ಕಡಲಿನ ಕಡೆ ಸರಿಯುತ್ತಿರುತ್ತದೆ. ಮೇಲೆ ಪ್ರತಿ ವರ್ಷ ಹೊಸ ಹಿಮ ಬೀಳುತ್ತದೆ, ಒತ್ತಡ ಹೆಚ್ಚುತ್ತದೆ, ಕೊರೆದ ಯಾವ ಟೊಳ್ಳನ್ನೂ ಹಿಮ ಮುಚ್ಚಿಕೊಳ್ಳಲು ನೋಡುತ್ತದೆ. ಎಂಜಿನಿಯರ್‌ಗಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಹಿಮವನ್ನೇ ಅಭ್ಯಾಸ ಮಾಡುವ ಸಂಸ್ಥೆಯೊಂದು ಸೇನೆಯಲ್ಲೇ ಇತ್ತು. ಹತ್ತು ವರ್ಷ ಬಾಳಿದರೆ ಸಾಕು ಎಂದು ಲೆಕ್ಕ ಹಾಕಿದ್ದರು. ಆದರೆ ಗೋಡೆಗಳು ಅವರ ಲೆಕ್ಕಕ್ಕಿಂತ ಬೇಗ ಒಳಗೆ ಬಂದವು. ತಿಂಗಳಿಗೆ ನೂರು ಟನ್ನಿಗೂ ಮೀರಿ ಹಿಮವನ್ನು ಗೋಡೆಗಳಿಂದ ಕೆತ್ತಿ ಹೊರಹಾಕಬೇಕಾಯಿತು. ರಿಯಾಕ್ಟರ್ ಇದ್ದ ಕೋಣೆಯ ಛಾವಣಿ ಒಂದೂವರೆ ಮೀಟರಿನಷ್ಟು ಕೆಳಗಿಳಿದು, ಅದನ್ನು ಮತ್ತೆ ಎತ್ತಬೇಕಾಯಿತು. 1960ರ ಅಕ್ಟೋಬರಿನಲ್ಲಿ ಹೊತ್ತಿಸಿದ ರಿಯಾಕ್ಟರನ್ನು 1963ರಲ್ಲಿ ಆರಿಸಿದರು. 1967ರ ಹೊತ್ತಿಗೆ ಊರನ್ನೇ ಬಿಟ್ಟು ಹೊರಟರು.

ಇದು ಗುಟ್ಟಿನ ನೆಲೆ ಎಂದು ಈಗ ಬರೆಯುತ್ತಾರೆ. ಆದರೆ ಊರು ಗುಟ್ಟಾಗಿರಲಿಲ್ಲ. ಸೇನೆಯೇ ಚಲನಚಿತ್ರ ತೆಗೆಸಿ ಅದನ್ನು ಜಗತ್ತಿಗೆ ತೋರಿಸಿತು. ಪತ್ರಕರ್ತ ವಾಲ್ಟರ್ ಕ್ರಾಂಕೈಟ್ ಅಲ್ಲಿಗೆ ಹೋಗಿ ಟೆಲಿವಿಷನ್ ಕಾರ್ಯಕ್ರಮ ಮಾಡಿದರು. ಅಮೆರಿಕದ ಒಬ್ಬ, ಡೆನ್ಮಾರ್ಕಿನ ಒಬ್ಬ, ಹೀಗೆ ಇಬ್ಬರು ಸ್ಕೌಟ್ ಹುಡುಗರು ಅಲ್ಲಿ ಚಳಿಗಾಲ ಕಳೆದರು. ಹಿಮದೊಳಗಿನ ವಿಜ್ಞಾನದ ಊರು ಎಂಬ ಮಾತು ಎಲ್ಲರಿಗೂ ಹಿಡಿಸಿತು. ಮುಚ್ಚಿಟ್ಟದ್ದು ಊರನ್ನಲ್ಲ, ಊರಿನ ಉದ್ದೇಶವನ್ನು. ಐಸ್‌ವರ್ಮ್ ಎಂಬ ಯೋಜನೆಯೊಂದು ಸೇನೆಯ ಕಡತದಲ್ಲಿತ್ತು. ಹಿಮದ ಅಡಿಯಲ್ಲಿ ಸುಮಾರು 4,000 ಕಿಲೋಮೀಟರ್ ಸುರಂಗ ತೋಡಿ, ರೈಲುಹಳಿ ಹಾಸಿ, ಅಣ್ವಸ್ತ್ರ ಹೊತ್ತ 600 ಕ್ಷಿಪಣಿಗಳನ್ನು ಒಂದು ತಾಣದಿಂದ ಇನ್ನೊಂದಕ್ಕೆ ಸಾಗಿಸುತ್ತ ಇರುವುದು. ಎಲ್ಲಿವೆ ಎಂದು ಸೋವಿಯತ್ ಒಕ್ಕೂಟಕ್ಕೆ ತಿಳಿಯಬಾರದು. ಅದಕ್ಕೆ ಬೇಕಾಗಿದ್ದ ಜಾಗ ಡೆನ್ಮಾರ್ಕಿನ ಮೂರು ಪಟ್ಟು, ಜನ 11,000. ಕ್ಯಾಂಪ್ ಸೆಂಚುರಿ ಅದರ ಪರೀಕ್ಷೆ. ಆ ಪರೀಕ್ಷೆಯೇ ಯೋಜನೆಯನ್ನು ಮುಗಿಸಿತು ಎನ್ನಬೇಕು. ಮೂರು ಕಿಲೋಮೀಟರ್ ಕಂದಕವನ್ನೇ ಬಿಡದ ಹಿಮ ನಾಲ್ಕು ಸಾವಿರ ಕಿಲೋಮೀಟರ್ ಸುರಂಗವನ್ನು ಬಿಟ್ಟೀತೆ? ವಾಯುಪಡೆ, ನೌಕಾಪಡೆಗಳ ಪೈಪೋಟಿಯೂ ಸೇರಿಕೊಂಡು ಯೋಜನೆ ಕಡತದಲ್ಲೇ ಉಳಿಯಿತು.

ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ಆಳ್ವಿಕೆಯಲ್ಲಿತ್ತು. ತನ್ನ ನೆಲದಲ್ಲಿ ಶಾಂತಿಯ ಕಾಲದಲ್ಲಿ ಅಣ್ವಸ್ತ್ರ ಬೇಡ ಎಂಬುದು ಡೆನ್ಮಾರ್ಕ್ 1957ರಲ್ಲೇ ತಳೆದ ನಿಲುವು. ಅದೇ ವರ್ಷದ ಕೊನೆಗೆ ಅಮೆರಿಕದ ರಾಯಭಾರಿ, ಗ್ರೀನ್‌ಲ್ಯಾಂಡಿನಲ್ಲಿ ಅಣ್ವಸ್ತ್ರ ಇಡುವುದಾದರೆ ನಿಮಗೆ ತಿಳಿಸಬೇಕೇ ಎಂದು ಪ್ರಧಾನಿ ಹಾನ್ಸೆನ್ ಅವರನ್ನು ಕೇಳಿದರು. ಹೌದು, ಬೇಡ ಎರಡನ್ನೂ ಹೇಳದೆ, ತಾವು ಏನೂ ಪ್ರತಿಕ್ರಿಯೆ ಕೊಡಬೇಕಾದ್ದು ಕಾಣುವುದಿಲ್ಲ ಎಂಬರ್ಥದಲ್ಲಿ ಅವರು ಉತ್ತರ ಬರೆದರು. ಆ ಪತ್ರ ಜನರ ಕಣ್ಣಿಗೆ ಬಿದ್ದದ್ದು 1995ರಲ್ಲಿ. ಐಸ್‌ವರ್ಮ್ ವಿಷಯ ಅದರ ಹಿಂದೆಯೇ ಡ್ಯಾನಿಷ್ ವಿದೇಶಾಂಗ ನೀತಿ ಸಂಸ್ಥೆಯ 1997ರ ವರದಿಯಲ್ಲಿ ಬಂತು. ಗುಟ್ಟನ್ನು ಉಳಿಸಲು ಮುಚ್ಚಿಡುವವನಷ್ಟೇ ಸಾಲದು. ಕೇಳದೆ ಇರಲು ಒಪ್ಪಿಕೊಂಡವನೂ ಬೇಕು. ಸಣ್ಣ ದೇಶದ ಪ್ರಧಾನಿಗೆ ಇದ್ದ ಒತ್ತಡ ನನಗೆ ಅರ್ಥವಾಗುತ್ತದೆ. ಆದರೂ ಆ ಉತ್ತರವನ್ನು ಓದಿದಾಗ ಮನಸ್ಸಿಗೆ ನೋವಾಗುತ್ತದೆ.

ಈ ಎಲ್ಲದರಲ್ಲಿ ಗ್ರೀನ್‌ಲ್ಯಾಂಡಿನವರ ಮಾತು ಎಲ್ಲೂ ಕೇಳಿಸುವುದಿಲ್ಲ. ಕ್ಯಾಂಪ್ ಸೆಂಚುರಿ ಇದ್ದ ಜಾಗದಲ್ಲಿ ಯಾರೂ ವಾಸವಿರಲಿಲ್ಲ, ನಿಜ. ಆ ಭಾಗದ ಇನುಗ್‌ಹುಯಿತ್ ಜನ ಕಡಲ ಅಂಚಿನಲ್ಲಿ ಸೀಲ್, ವಾಲ್ರಸ್ ಬೇಟೆಯಾಡಿ ಬದುಕಿದವರು. ಒಳನಾಡಿನ ಹಿಮದಲ್ಲಿ ಅವರಿಗೆ ಹೆಚ್ಚು ಕೆಲಸವಿಲ್ಲ. ಆದರೆ ನೆಲೆಗೆ ಸಾಮಾನು ಬಂದಿಳಿಯುತ್ತಿದ್ದ ತೂಲೆ ಅವರ ಊರು. 1953ರಲ್ಲಿ ವಾಯುನೆಲೆ ದೊಡ್ಡದಾಗಬೇಕಾದಾಗ 27 ಕುಟುಂಬಗಳಿಗೆ ಕೆಲವೇ ದಿನಗಳ ಗಡುವು ಕೊಟ್ಟು ಎಬ್ಬಿಸಿದರು. ಅವರು ನಾಯಿಬಂಡಿ ಕಟ್ಟಿಕೊಂಡು ನೂರು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ, ಕಾನಾಕ್‌ಗೆ ಹೋದರು. ಹೋದಾಗ ಮನೆಗಳು ಸಿದ್ಧವಾಗಿರಲಿಲ್ಲ, ಆ ಬೇಸಿಗೆ ಗುಡಾರಗಳಲ್ಲೇ ಕಳೆಯಿತು. ಅದು ಬಲವಂತದ ಸ್ಥಳಾಂತರ ಎಂದು ಡೆನ್ಮಾರ್ಕಿನ ನ್ಯಾಯಾಲಯ ಹೇಳಿದ್ದು, ಪ್ರಧಾನಿ ಕ್ಷಮೆ ಕೇಳಿದ್ದು 1999ರಲ್ಲಿ. ಆ ಸ್ಥಳಾಂತರವಾಗಿ ಆರು ವರ್ಷದ ನಂತರ ಹಿಮದೊಳಗಿನ ಓಣಿಗಳಲ್ಲಿ ಸೈನಿಕರ ಹಾಸಿಗೆ ಎಲ್ಲಿರಬೇಕು, ಗಾಳಿ ಹೇಗಾಡಬೇಕು ಎಂದು ಯೋಚಿಸಿದ್ದು ಆ ವಾಯುನೆಲೆ ಕಟ್ಟಿದ ದೇಶದ ಸೇನೆಯೇ. ಆ ಕಾಳಜಿ ಸುಳ್ಳಲ್ಲ. ನಕ್ಷೆಯೊಳಗೆ ಬಂದವರಿಗೆ ಮಾತ್ರ ಅದು ಸಿಕ್ಕಿತು, ಅಷ್ಟೆ. ಹೊರಗಿನದೆಲ್ಲ ಖಾಲಿ ಕಾಗದ.

ತೋರಿಕೆಗೆಂದು ಮುಂದಿಟ್ಟ ವಿಜ್ಞಾನ ಮಾತ್ರ ತೋರಿಕೆಯದಾಗಿ ಉಳಿಯಲಿಲ್ಲ. ಕೊರೆಯುವವರು ವರ್ಷಗಟ್ಟಲೆ ಕೊರೆದು 1966ರ ಬೇಸಿಗೆಯಲ್ಲಿ 1,387 ಮೀಟರ್ ಕೆಳಗೆ ಹಿಮದ ತಳ ಮುಟ್ಟಿದರು. ಹಿಮಹಾಸಿನ ತಳದವರೆಗೆ ಹೋದ ಮೊದಲ ಕೊರೆತ ಅದು. ಮೇಲೆತ್ತಿದ ಹಿಮದ ಕಂಬವನ್ನು ಡೆನ್ಮಾರ್ಕಿನ ವಿಲಿ ಡಾನ್ಸ್‌ಗಾರ್ಡ್ ಪರೀಕ್ಷಿಸಿದರು. ಹಿಮದಲ್ಲಿ ಹಗುರ ಮತ್ತು ಭಾರದ ಆಮ್ಲಜನಕ ಯಾವ ಪ್ರಮಾಣದಲ್ಲಿವೆ ಎಂದು ಅಳೆದರೆ ಅದು ಬಿದ್ದ ಕಾಲದ ಉಷ್ಣಾಂಶ ತಿಳಿಯುತ್ತದೆ. 1969ರಲ್ಲಿ ಅವರು, ಅಮೆರಿಕದ ಚೆಸ್ಟರ್ ಲ್ಯಾಂಗ್‌ವೇ ಮತ್ತು ಸಂಗಡಿಗರು ಸುಮಾರು ಒಂದು ಲಕ್ಷ ವರ್ಷದ ಹವಾಮಾನದ ಚರಿತ್ರೆಯನ್ನು ಪ್ರಕಟಿಸಿದರು. ಹಿಮದ ಕೆಳಗಿನ ಮೂರು ಮೀಟರಿಗೂ ಹೆಚ್ಚು ಹೆಪ್ಪುಗಟ್ಟಿದ ಮಣ್ಣನ್ನೂ ಕೊರೆಯುವವರು ತೆಗೆದಿಟ್ಟಿದ್ದರು. ಅದು ದಶಕಗಳ ಕಾಲ ಮರೆತುಹೋಗಿ, ಕೋಪನ್‌ಹೇಗನ್ನಿನ ಶೀತಲಗೃಹದಲ್ಲಿ ಮತ್ತೆ ಸಿಕ್ಕಿತು. ತೊಳೆದು ನೋಡಿದಾಗ ಅದರಲ್ಲಿ ಎಲೆ, ರೆಂಬೆ, ಹಾವಸೆಯ ಚೂರುಗಳು. ಸುಮಾರು ನಾಲ್ಕು ಲಕ್ಷ ವರ್ಷದ ಹಿಂದೆ ಅಲ್ಲಿ ಹಿಮವೇ ಇರಲಿಲ್ಲ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಗ್ರೀನ್‌ಲ್ಯಾಂಡಿನ ಹಿಮ ನಾವೆಣಿಸಿದ್ದಕ್ಕಿಂತ ಸುಲಭವಾಗಿ ಕರಗೀತು ಎಂಬ ಆತಂಕಕ್ಕೆ ಆ ಮಣ್ಣು ದೊಡ್ಡ ಆಧಾರ. ಸೇನೆಯ ನೆಲೆ, ಅದರ ಹಣ ಇರದಿದ್ದರೆ ಅಷ್ಟು ಬೇಗ ಆ ಕೊರೆತ ಆಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ, ಆದರೆ ಒಪ್ಪಿಕೊಳ್ಳಲೇಬೇಕು.

ಹೊರಟಾಗ ರಿಯಾಕ್ಟರನ್ನು ಬಿಚ್ಚಿ ಒಯ್ದಿದ್ದರು. ಉಳಿದದ್ದನ್ನು ಅಲ್ಲೇ ಬಿಟ್ಟರು. ಹಿಮ ಅದನ್ನು ಎಂದೆಂದಿಗೂ ಹೂತಿಡುತ್ತದೆ ಎಂಬ ನಂಬಿಕೆ. 2016ರಲ್ಲಿ ವಿಜ್ಞಾನಿ ವಿಲಿಯಂ ಕೋಲ್ಗನ್ ಮತ್ತು ಸಂಗಡಿಗರು ಹಳೆಯ ದಾಖಲೆಗಳಿಂದ ಅಂದಾಜು ಮಾಡಿದ ಪ್ರಕಾರ ಅಲ್ಲಿ ಎರಡು ಲಕ್ಷ ಲೀಟರಿನಷ್ಟು ಡೀಸೆಲ್, ಎರಡು ಲಕ್ಷ ನಲವತ್ತು ಸಾವಿರ ಲೀಟರಿನಷ್ಟು ಕೊಳಚೆನೀರು, ಪಿಸಿಬಿ ಎಂಬ ವಿಷರಾಸಾಯನಿಕಗಳು, ರಿಯಾಕ್ಟರ್ ತಂಪುಗೊಳಿಸಿದ ನೀರಿನ ಅಲ್ಪ ವಿಕಿರಣ ಉಳಿದಿವೆ. ಭೂಮಿ ಈಗಿನಂತೆಯೇ ಬಿಸಿಯಾಗುತ್ತ ಹೋದರೆ 2090ರ ಸುಮಾರಿಗೆ ಆ ಜಾಗದಲ್ಲಿ ಬೀಳುವ ಹಿಮಕ್ಕಿಂತ ಕರಗುವುದೇ ಹೆಚ್ಚಾಗಬಹುದು ಎಂದು ಅವರು ಬರೆದರು. ಮರುವರ್ಷ ಡೆನ್ಮಾರ್ಕ್ ಅಲ್ಲಿ ಅಳತೆಯ ಉಪಕರಣಗಳನ್ನು ನಿಲ್ಲಿಸಿತು. ಆ ಅಳತೆಗಳ ಆಧಾರದ ಮೇಲಿನ ಮುಂದಿನ ಅಧ್ಯಯನ, 2100ಕ್ಕೆ ಮುಂಚೆ ಕರಗಿದ ನೀರು ಆ ಕಸವನ್ನು ಮುಟ್ಟುವುದಿಲ್ಲ ಎಂದು ಸಮಾಧಾನ ಹೇಳಿದೆ. ಸಮಾಧಾನವೇ ಸರಿ. ಆದರೆ ಇಂದು ಹುಟ್ಟಿದ ಮಗು 2100ರಲ್ಲಿ ಎಪ್ಪತ್ತು ದಾಟಿರುತ್ತದೆ, ಅಷ್ಟೇ.

ಇದು ದೂರದ ದ್ವೀಪದ ಕತೆ ಮಾತ್ರವಲ್ಲ. ಅದೇ ದಶಕದಲ್ಲಿ, 1965ರಲ್ಲಿ, ಚೀನಾದ ಅಣುಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಮತ್ತು ಭಾರತದ ಗುಪ್ತಚರರು ಪ್ಲುಟೋನಿಯಂನಿಂದ ನಡೆಯುವ ಉಪಕರಣವೊಂದನ್ನು ನಂದಾದೇವಿ ಶಿಖರಕ್ಕೆ ಏರಿಸಲು ಹೊರಟರು. ಹವೆ ಕೆಟ್ಟು, ಅದನ್ನು ಮೇಲೇ ಬಿಟ್ಟು ಇಳಿಯಬೇಕಾಯಿತು. ಮುಂದಿನ ವರ್ಷ ಹೋದಾಗ ಅದು ಇರಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿಗೆ ವಿಷಯ ತಿಳಿಸಿದ್ದು 1978ರಲ್ಲಿ. ಅಲ್ಲಿನ ಹಿಮ ಕರಗಿದರೆ ಸೇರುವುದು ಗಂಗೆಯನ್ನು.

ಕ್ಯಾಂಪ್ ಸೆಂಚುರಿಯ ರಿಯಾಕ್ಟರನ್ನು ಮೊದಲಿನಿಂದಲೂ ಬಿಡಿಬಿಡಿಯಾಗಿ ಸಾಗಿಸುವಂತೆ, ಬಿಚ್ಚುವಂತೆ ರೂಪಿಸಿದ್ದರು. ಹಾಗಾಗಿಯೇ ಅದನ್ನು ಒಯ್ಯಲು ಸಾಧ್ಯವಾಯಿತು. ಅಂದರೆ ಹಿಂದಿರುಗುವ ದಿನವನ್ನೂ ನಕ್ಷೆಯಲ್ಲಿ ಸೇರಿಸುವುದು ಅವರಿಗೆ ಬರುತ್ತಿತ್ತು. ಬೆಲೆಬಾಳುವ ವಸ್ತುವಿಗೆ ಅದನ್ನು ಮಾಡಿದರು, ಕೊಳಚೆಗೆ, ಡೀಸೆಲಿಗೆ ಮಾಡಲಿಲ್ಲ. ಅಮೆರಿಕ ಮತ್ತು ಡೆನ್ಮಾರ್ಕ್ 1951ರಲ್ಲಿ ಮಾಡಿಕೊಂಡ ರಕ್ಷಣಾ ಒಪ್ಪಂದದಲ್ಲಿ, ಅಮೆರಿಕ ತನ್ನ ಸಾಮಾನನ್ನು ಗ್ರೀನ್‌ಲ್ಯಾಂಡಿನಿಂದ ಒಯ್ಯಬಹುದು, ಇಲ್ಲವೇ ಡೆನ್ಮಾರ್ಕಿನ ಅಧಿಕಾರಿಗಳೊಂದಿಗೆ ಸಮಾಲೋಚಿಸಿ ಅಲ್ಲೇ ವಿಲೇವಾರಿ ಮಾಡಬಹುದು ಎಂದಿದೆ. ಅದಕ್ಕೆ ಸಹಿ ಬಿದ್ದಾಗ ಗ್ರೀನ್‌ಲ್ಯಾಂಡ್ ಇನ್ನೂ ವಸಾಹತು. ಈಗ 2009ರಿಂದ ಅಲ್ಲಿ ಸ್ವಯಮಾಡಳಿತವಿದೆ, ಹಿಮದ ಕಸವನ್ನು ತೆಗೆಸಬೇಕೆಂದು ಅಲ್ಲಿನ ನಾಯಕರು ಬಹಿರಂಗವಾಗಿ ಕೇಳಿದ್ದಾರೆ. ಅವರು ಕೇಳುತ್ತಿರುವುದು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ತೆಗೆಯುವುದಾದರೆ ಮೂವತ್ತು ಮೀಟರಿಗೂ ಹೆಚ್ಚು ಹಿಮ ಅಗೆಯಬೇಕು. ವರ್ಷ ಕಳೆದಂತೆ ಆ ಆಳ ಇನ್ನೂ ಹೆಚ್ಚುತ್ತ ಹೋಗುತ್ತದೆ.