ಶಿಲುಬೆಯ ಸಾವು ಯಾರ ಪಾಲಿಗೆ?

1618ರ ನವೆಂಬರ್‌ನಲ್ಲಿ ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಪ್ರೊಟೆಸ್ಟಂಟ್ ಪಂಡಿತರ ಮಹಾಸಭೆ ನೆರೆಯಿತು. ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿಗಳಿಂದಲೂ ಪ್ರತಿನಿಧಿಗಳು ಬಂದಿದ್ದರು. ಅವರೆದುರಿದ್ದ ತಕರಾರುಗಳಲ್ಲಿ ಒಂದರ ಬಿಸಿ ಇಂದಿಗೂ ಆರಿಲ್ಲ: ಕ್ರಿಸ್ತ ಪ್ರಾಣ ಕೊಟ್ಟದ್ದು ಎಲ್ಲರಿಗಾಗಿಯೋ, ದೇವರು ಮೊದಲೇ ಆಯ್ದುಕೊಂಡವರಿಗಾಗಿ ಮಾತ್ರವೋ?

ಜಗಳದ ಬೇರು ಲೈಡನ್ ವಿಶ್ವವಿದ್ಯಾಲಯದಲ್ಲಿತ್ತು. ಅಲ್ಲಿನ ಪ್ರಾಧ್ಯಾಪಕ ಅರ್ಮಿನಿಯಸ್ 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಅನುಯಾಯಿಗಳು ಐದು ಅಂಶಗಳ ಮನವಿ ಮುಂದಿಟ್ಟರು. ಕ್ರಿಸ್ತ ಪ್ರತಿಯೊಬ್ಬನಿಗಾಗಿಯೂ ಸತ್ತ, ಕ್ಷಮೆ ದಕ್ಕುವುದು ಮಾತ್ರ ನಂಬಿದವನಿಗೆ ಎಂಬುದು ಎರಡನೆಯದು. ಯೋಹಾನನ ಮೊದಲ ಪತ್ರ ಇಡೀ ಲೋಕದ ಪಾಪದ ಮಾತೆತ್ತುತ್ತದಲ್ಲ ಎಂದು ಇವರು. ಯೋಹಾನನ ಸುವಾರ್ತೆಯಲ್ಲಿ ಕುರುಬ ಪ್ರಾಣ ಕೊಡುವುದು ತನ್ನ ಕುರಿಗಳಿಗಾಗಿ ಎಂದು ಎದುರು ಪಕ್ಷದವರು.

ಡಾರ್ಟ್ ಕೊಟ್ಟ ತೀರ್ಪು ಅದರ ಹೆಸರಿಗಂಟಿದ ಕಟುತನಕ್ಕಿಂತ ಮೆತ್ತಗಿದೆ. ಆ ಸಾವಿನ ಬೆಲೆಗೆ ಮಿತಿಯಿಲ್ಲ, ಇಡೀ ಲೋಕದ ಪಾಪಕ್ಕೆ ಸಾಕಾಗಿ ಮಿಗುತ್ತದೆ; ಆದರೆ ಅದು ಫಲಿಸಬೇಕೆಂದು ದೇವರು ಸಂಕಲ್ಪಿಸಿದ್ದು ಆಯ್ದವರಲ್ಲಿ. ಸುವಾರ್ತೆಯನ್ನಂತೂ ಭೇದವಿಲ್ಲದೆ ಎಲ್ಲರಿಗೂ ಸಾರಬೇಕು. ಇಂಗ್ಲೆಂಡಿನ ಪ್ರತಿನಿಧಿ ಜಾನ್ ಡ್ಯಾವೆನೆಂಟ್, ಒಂದು ಅರ್ಥದಲ್ಲಿ ಕ್ರಿಸ್ತ ಎಲ್ಲರಿಗಾಗಿ ಸತ್ತ ಎನ್ನುವವನೇ. ಅವನೂ ಇದಕ್ಕೆ ಸಹಿ ಹಾಕಿದ.

ಮೆತ್ತಗಿದ್ದದ್ದು ಬರಹ ಮಾತ್ರ. ಸೋತವರ ಕಡೆಯ ಸುಮಾರು ಇನ್ನೂರು ಪಾದ್ರಿಗಳು ಹುದ್ದೆ ಕಳೆದುಕೊಂಡರು. ಅವರಿಗೆ ಆಸರೆಯಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆ 1619ರ ಮೇ 13ರಂದು ಹೇಗ್‌ನಲ್ಲಿ ಉರುಳಿತು. ಅದರ ಹಿಂದೆ ದೇವಶಾಸ್ತ್ರಕ್ಕಿಂತ ಅಧಿಕಾರದ ಲೆಕ್ಕಾಚಾರವೇ ದೊಡ್ಡದು. ಅದೇ ಕಡೆಯ ನ್ಯಾಯಪಂಡಿತ ಗ್ರೋಷಿಯಸ್‌ಗೆ ಜೀವಾವಧಿ ಸೆರೆ. ಲೂವೆಸ್ಟೈನ್ ಕೋಟೆಗೆ ಅವನಿಗಾಗಿ ಪೆಟ್ಟಿಗೆಗಟ್ಟಲೆ ಪುಸ್ತಕ ಬಂದುಹೋಗುತ್ತಿತ್ತು. ಕಾವಲಿನವರು ಪೆಟ್ಟಿಗೆ ತೆರೆದು ನೋಡುವುದನ್ನೇ ಬಿಟ್ಟರು. 1621ರಲ್ಲಿ ಹೆಂಡತಿ ಮರಿಯಾ ಗಂಡನನ್ನೇ ಅದರೊಳಗೆ ಮುದುರಿ ಮಲಗಿಸಿ ಹೊರಗೆ ಸಾಗಿಸಿದಳು.

ಆಯ್ದವರಿಗಷ್ಟೇ ಎಂಬ ಪಕ್ಷಕ್ಕೆ ಅತಿ ಬಿಗಿಯಾದ ವಾದ ಕಟ್ಟಿದವನು ಇಂಗ್ಲೆಂಡಿನ ಜಾನ್ ಓವನ್. ಎಲ್ಲರ ಎಲ್ಲ ಪಾಪಕ್ಕೂ ಕ್ರಿಸ್ತ ಶಿಕ್ಷೆ ಉಂಡಿದ್ದರೆ ನರಕಕ್ಕೆ ಹೋಗುವವರೇಕೆ ಇದ್ದಾರೆ? ಅವರು ನಂಬಲಿಲ್ಲ ಎನ್ನುತ್ತೀರಿ. ನಂಬದಿರುವುದೂ ಪಾಪವೇ ತಾನೆ? ಅದಕ್ಕೂ ಶಿಕ್ಷೆ ಸಂದಿದೆಯೆಂದಾದರೆ ಮತ್ತೆ ದಂಡಿಸುವುದು ಯಾವ ನ್ಯಾಯ?

ಚುರುಕಾದ ವಾದ, ಸಂಶಯವಿಲ್ಲ. ಆದರೆ ಪಾಪವನ್ನು ಸಾಲದ ಹಾಗೆ ಎಣಿಸಿದರಷ್ಟೇ ಅದು ನಿಲ್ಲುತ್ತದೆ. ಸಾಲವನ್ನು ಯಾರು ಕಟ್ಟಿದರೂ ತೀರಿತು. ಶಿಕ್ಷೆಯ ವಿಷಯ ಹಾಗಲ್ಲ, ಬೇರೆಯವನು ಅನುಭವಿಸಿದ್ದನ್ನು ಒಪ್ಪಿಕೊಳ್ಳಲು ಆಳುವವನ ಸಮ್ಮತಿ ಬೇಕು, ಸಮ್ಮತಿಸುವವನು ಷರತ್ತನ್ನೂ ಹಾಕಬಹುದು. ಓವನ್‌ಗಿಂತ ಮೊದಲೇ, ಸೆರೆಗೆ ಬೀಳುವ ಮುನ್ನ 1617ರಲ್ಲಿ, ಗ್ರೋಷಿಯಸ್ ಬರೆದ ಗ್ರಂಥದ ತಿರುಳು ಇದೇ. ಈ ಒಂದು ಅಂಶದಲ್ಲಿ ಪೆಟ್ಟಿಗೆಯ ಕೈದಿಯದೇ ಮೇಲುಗೈ.

1739ರ ಹೊತ್ತಿಗೆ ಜಗಳ ಇಂಗ್ಲೆಂಡಿನ ಬಯಲುಗಳಿಗೆ ಬಂತು. ಕೃಪೆ ಎಲ್ಲರಿಗೂ ಎಂದು ಬೋಧಕ ಜಾನ್ ವೆಸ್ಲಿ. ಅಲ್ಲವೆಂದು ಗೆಳೆಯ ವೈಟ್‌ಫೀಲ್ಡ್. ತಮಾಷೆಯೆಂದರೆ, ಜನಜಂಗುಳಿಯ ಮುಂದೆ ನಿಂತು ಎಲ್ಲರನ್ನೂ ಬನ್ನಿ ಎಂದು ಕರೆಯುವುದರಲ್ಲಿ ವೈಟ್‌ಫೀಲ್ಡ್ ಯಾರಿಗೂ ಕಡಿಮೆಯಿರಲಿಲ್ಲ.

ಕನ್ನಡ ನಾಡಿಗೆ ಎರಡೂ ಪರಂಪರೆಗಳು ಬಂದವು. ಮೈಸೂರಿನ ವೆಸ್ಲಿಯನ್ ಮಿಷನ್ ಅರ್ಮಿನಿಯಸ್‌ನ ಕಡೆಯದು. 1810ರಲ್ಲಿ ಬಳ್ಳಾರಿಗೆ ಕಾಲಿಟ್ಟ ಲಂಡನ್ ಮಿಷನ್‌ನ ಬೇರು ಡಾರ್ಟ್‌ನಲ್ಲಿ ಗೆದ್ದ ಪಕ್ಷದ ಗುರು ಕ್ಯಾಲ್ವಿನ್‌ನ ಕಡೆಯದು. 1947ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಎರಡು ಪರಂಪರೆಗಳೂ ಒಂದೇ ಸೂರಿನಡಿ ಸೇರಿದವು. ಆ ಸಭೆ ಅಂಗೀಕರಿಸಿದ ಎರಡು ಪ್ರಾಚೀನ ವಿಶ್ವಾಸಪ್ರಮಾಣಗಳಲ್ಲೂ ಈ ಪ್ರಶ್ನೆಯ ಬಗ್ಗೆ ತೀರ್ಪಿಲ್ಲ.