ಇಂದಿನ ಚಿಂತನೆ: ತಕ್ಕ ಊರು



ತಕ್ಕ ಊರಿನಲ್ಲಿ ನೆಲೆಸುವುದೂ ಒಂದು ಮಂಗಲವೆಂದು ಮಂಗಲ ಸುತ್ತದಲ್ಲಿ ಬುದ್ಧರು ಹೇಳಿದ್ದಾರೆ. ತಕ್ಕ ಊರು ಯಾವುದು?

ಲಿಂಗಸುಗೂರಿನ ನನ್ನ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದ್ದಳು. ನಮ್ಮ ಕೇರಿಯ ಹುಡುಗಿ. ಗೆಳತಿಯನ್ನೇ ಬಾಳಸಂಗಾತಿ ಮಾಡಿಕೊಂಡವಳು. ಸಿಂಧನೂರಿನಲ್ಲಿ ಬಾಡಿಗೆ ಮನೆ ಕೇಳಿದರೆ ಮೊದಲ ಪ್ರಶ್ನೆ "ನೀವು ಯಾವ ಮಂದಿ?", ಎರಡನೆಯದು "ಗಂಡ ಎಲ್ಲಿ?"

"ಬೆಂಗಳೂರಿಗೆ ಹೋಗ್ಲೇನ್ರಿ ಸರ್? ಅಲ್ಲಿ ನಮ್ಮಂಥವರು 2008ರಿಂದ ಮೆರವಣಿಗೆ ಮಾಡ್ತಾರ. ಆದ್ರ ಮೊದಲನೇ ಪ್ರಶ್ನೆ ಅಲ್ಲೂ ಬಿಡಂಗಿಲ್ಲ" ಎಂದಳು.

1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಿಂದ ಬಾಬಾಸಾಹೇಬರನ್ನೇ ಹೊರಹಾಕಿದರು. ಸಂವಿಧಾನದ 19ನೇ ವಿಧಿ ದೇಶದಲ್ಲಿ ಎಲ್ಲಿಯಾದರೂ ನೆಲೆಸುವ ಹಕ್ಕು ಕೊಟ್ಟಿತು. ಸಲಿಂಗ ಪ್ರೀತಿ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ಬಾಗಿಲು ತೆಗೆಯಬೇಕಾದವರು ಮನೆಯವರೇ.

ಮಸ್ಕಿಯ ನನ್ನ ಮನೆಯ ಮಹಡಿ ಮೂರು ತಿಂಗಳಿಂದ ಖಾಲಿ ಇದೆ. ನಾನು "ನೋಡೋಣ ತಂಗಿ" ಎಂದುಬಿಟ್ಟೆ. ಓಣಿಯವರು ಏನಂದಾರು ಎಂಬ ಅಳುಕು. ನಮಗೆ ಮನೆ ಕೊಡದವರ ಅಳುಕೂ ಇದೇ ಅಲ್ಲವೇ?

ದೊಡ್ಡವರಿಗಷ್ಟೇ ಅಲ್ಲ, ಧಮ್ಮದಲ್ಲಿ ನಡೆದರೆ ಸಣ್ಣವರಿಗೂ ಫಲ ಉಂಟೆಂದು ಅಶೋಕ ನಮ್ಮೂರ ಬಂಡೆಯಲ್ಲೇ ಕೆತ್ತಿಸಿದ್ದಾನೆ. ಮಕ್ಕಳಿಗೆ ವರ್ಷಾವರ್ಷ ಅದನ್ನು ತೋರಿಸುವವನು ನಾನು.

ಬೆಳಿಗ್ಗೆ ನಾನೇ ಫೋನ್ ಮಾಡಿ "ಇಬ್ಬರೂ ಬರ್ರಿ" ಎಂದೆ. "ವಿಚಾರ ಮಾಡ್ತೀವ್ರಿ ಸರ್" ಎಂದಳು. ಯಾವ ಊರೆಂಬ ಆಯ್ಕೆ ಅವರದು. ನಮ್ಮ ಊರನ್ನು ತಕ್ಕ ಊರು ಮಾಡುವ ಕೆಲಸ ನಮ್ಮದು.

ಜೈ ಭೀಮ್ 🙏